ತಮ್ಮ ಶ್ರುತಿಗೆ ನಮ್ಮನ್ನು ಕರೆದವರು: ಹೊಸಹಳ್ಳಿ ಪುಷ್ಪಲತಾ

ಕನ್ನಡದ ಲಘುಸಂಗೀತವು ಸಭಾಭವನಗಳಿಂದ ಎದ್ದು ಬಸ್ ನಿಲ್ದಾಣದ ಚಹಾದಂಗಡಿಗೆ, ದರ್ಜಿಯ ಹೊಲಿಗೆ ಯಂತ್ರದ ಪಕ್ಕಕ್ಕೆ, ಲಾರಿ ಚಾಲಕನ ತಲೆಯ ಮೇಲಿನ ಟೇಪಿನ ಪೆಟ್ಟಿಗೆಗೆ ನಡೆದುಬಂದ ಕಾಲವನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಕ್ಯಾಸೆಟ್ಟಿನ ಆ ಕಾಲದಲ್ಲಿ ಸುಗ್ಗಿಗೊಂದು ಹೊಸ ದನಿ ಕೇಳಿಬರುತ್ತಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಅದು ಎಲ್ಲಿ ಹೋಯಿತೆಂದು ವಿಚಾರಿಸುವವರೂ ಇರುತ್ತಿರಲಿಲ್ಲ. ಅಂಥ ಕಾಲದಲ್ಲಿ ಹದಿನಾರರ ಹರೆಯದಲ್ಲೇ ಮನೆಮಾತಾಗಿ, ಹರೆಯ ಕಳೆದ ಮೇಲೂ ಮರೆಯಾಗದೆ, ಕೂಡ್ಲಿಗಿ ಸೀಮೆಯ ಮಾತನ್ನು ನಾಲಗೆಯಲ್ಲಿಟ್ಟುಕೊಂಡೇ ಸೊಲ್ಲಾಪುರ, ನಾಗಪುರ, ದಿಲ್ಲಿ, ಗುವಾಹಟಿಯ ಮೈದಾನಗಳಲ್ಲಿ ಸಾವಿರಾರು ಜನರನ್ನು ಹಾಡಿ, ನಗಿಸಿ, ಮತ್ತೆ ಹಾಡಿ ಕೂರಿಸಿಕೊಂಡ ಕಲಾವಿದೆ ಶ್ರೀಮತಿ ಹೊಸಹಳ್ಳಿ ಪುಷ್ಪಲತಾ ಅವರು. ಅರವತ್ತು ತುಂಬಿದ ಈ ವರ್ಷ ದೂರದ ವೇದಿಕೆ ಪ್ರವಾಸಗಳಿಂದ ನಿವೃತ್ತರಾಗುತ್ತಿರುವ ಅವರಿಗೆ ನಾವು ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವುದು ಅವರ ಕೀರ್ತಿಗೆ ಇನ್ನೊಂದು ಗರಿ ಸಿಕ್ಕಿಸಲೆಂದೇನೂ ಅಲ್ಲ. ನಮ್ಮ ಮನಸ್ಸಿಗೆ ಸಮಾಧಾನವಾಗಲೆಂದು.

ಅವರ ಗಾಯನದ ಶಾಸ್ತ್ರವನ್ನು ಬಲ್ಲವರು ಈ ಗ್ರಂಥದಲ್ಲಿ ಬೇರೆ ಲೇಖನಗಳನ್ನು ಬರೆದಿದ್ದಾರೆ. ನನಗಿರುವ ಅರ್ಹತೆ ಒಂದೇ. ವೃತ್ತಿಯಿಂದ ಕನ್ನಡ ಮೇಷ್ಟ್ರಾಗಿದ್ದ ನಾನು ರಜೆಯ ದಿನಗಳಲ್ಲಿ, ಆಮೇಲೆ ರಜೆ ಹಾಕಿಯೂ, ಅವರ ಬೆನ್ನಿಗೆ ಎಡಕ್ಕೆ ಕುಳಿತು ತಬಲಾ ಮತ್ತು ಢೋಲಕ್ ನುಡಿಸಿದವನು. ಗಾಯಕಿಯ ಮುಖವನ್ನು ಲೋಕ ನೋಡುತ್ತದೆ. ತಬಲಾದವನು ನೋಡುವುದು ಬೆನ್ನನ್ನು. ಉಸಿರು ಎಲ್ಲಿ ಸಾಕಾಯಿತು, ಎಲ್ಲಿ ಸಾಲದೆ ಭುಜ ಮೇಲೇರಿತು ಎಂಬುದು ಮುಂದಿನ ಸಾಲಿನ ಕುರ್ಚಿಗೆ ಕಾಣಿಸುವುದಿಲ್ಲ, ಹಿಂದಿನ ಚಾಪೆಗೆ ಕಾಣಿಸುತ್ತದೆ. ಹಾಗೆ ಕಂಡದ್ದರಲ್ಲಿ ಕೆಲವನ್ನು ಇಲ್ಲಿ ನಿವೇದಿಸುತ್ತೇನೆ.

ಪುಷ್ಪಲತಾ ಅವರು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯ ಮೈಲಪ್ಪ ಹಾಗೂ ಭರಮಮ್ಮ ದಂಪತಿಯ ಕಿರಿಯ ಮಗಳು. ತಂದೆ ಕುರಿ ಕಾಯುತ್ತಿದ್ದರು. ತಾಯಿ ಹೊಲದ ಕೆಲಸ ಮುಗಿಸಿ ಬಂದು ಕಂಬಳಿಗೆ ಉಣ್ಣೆ ನೂಲುತ್ತಿದ್ದರು. ಬೀರಲಿಂಗೇಶ್ವರನ ಗುಡಿಯ ಮುಂದೆ ಡೊಳ್ಳಿನ ಪದಗಳು ನಡೆಯುವಾಗ ಗಂಡಸರ ದನಿಗೆ ಹೆಂಗಸರು ಕಟ್ಟೆಯ ಮೇಲಿಂದ ಸೊಲ್ಲು ಸೇರಿಸುವುದು ಆ ಊರಿನ ರೂಢಿ, ಅದರಲ್ಲಿ ಈ ಮಗುವಿನ ಸೊಲ್ಲು ಎದ್ದು ಕೇಳುತ್ತಿತ್ತಂತೆ. ಡೊಳ್ಳಿನವರ ಪದ್ಧತಿಯೊಂದನ್ನು ಅರಿಯದವರಿಗಾಗಿ ಇಲ್ಲಿ ಹೇಳಬೇಕು. ಮೊದಲು ಹಾಡುವವರು ಒಬ್ಬರೇ ಬಾಯಿ ತೆರೆದು ತಮಗೆ ಹಿತವಾದ ಎತ್ತರದಲ್ಲಿ ದನಿಯ ಒಂದು ಎಳೆ ಎಳೆಯುತ್ತಾರೆ. ಅದನ್ನು ಕೇಳಿಕೊಂಡ ಮೇಲೆಯೇ ಡೊಳ್ಳಿನವರು ಹಗ್ಗ ಬಿಗಿಯುವುದು, ಚರ್ಮವನ್ನು ಹುಲ್ಲಿನ ಉರಿಗೆ ಕಾಯಿಸುವುದು, ಹೆಚ್ಚಾದರೆ ಸಡಿಲಿಸುವುದು. ಎಷ್ಟು ಹೊತ್ತಾದರೂ ಹಾಡುವವರು ಕಾಯುತ್ತಾರೆ. ಡೊಳ್ಳು ಅವರ ಕಂಠದ ಬಳಿಗೆ ಬರಬೇಕು. ಸಂಗೀತವೆಂದರೆ ಎಲ್ಲ ಕಡೆಯೂ ಹೀಗೆಯೇ ಇರುತ್ತದೆಂದು ತಾವು ಹದಿನಾರು ವರ್ಷ ನಂಬಿಕೊಂಡಿದ್ದುದಾಗಿ ಪುಷ್ಪಲತಾ ಅವರು ನಗುತ್ತ ಹೇಳುವುದುಂಟು.

ಅವರನ್ನು ವೇದಿಕೆಗೆ ಕರೆತಂದವರು ಕೊಟ್ಟೂರಿನ ಗುರುಸಂಗಪ್ಪನವರು. ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಸಂಗೀತದ ಹುಚ್ಚು. ‘ಬಯಲುಸಿರಿ ವಾದ್ಯವೃಂದ’ ಎಂಬ ತಂಡ ಕಟ್ಟಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಸೀಮೆಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ಕೂಡ್ಲಿಗಿಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಈ ಹುಡುಗಿ ಹಾಡಿದ್ದನ್ನು ಕೇಳಿ ಮರುದಿನವೇ ಹೊಸಹಳ್ಳಿಗೆ ಹೋದರು. ಮೈಲಪ್ಪನವರು ತಲೆ ಕೆರೆದುಕೊಂಡು ಹೆಂಡತಿಯ ಕಡೆ ನೋಡಿದರಂತೆ. ಭರಮಮ್ಮನವರು ಉಣ್ಣೆ ನೂಲುವ ಕದಿರು ತಿರುಗಿಸುವುದನ್ನು ನಿಲ್ಲಿಸದೆಯೇ ತಮ್ಮ ಶರತ್ತನ್ನು ಮುಂದಿಟ್ಟರು.

“ಹಾಡಾಕ ಕಳಸ್ತೀನ್ರಿ ಸಾಹುಕಾರ್ರೇ. ಆದ್ರ ಆಕಿ ಎಲ್ಲಿ ಹಾಡ್ತಾಳ ಅಲ್ಲಿ ನಾನೂ ಕುಂದ್ರಾಕಿ. ನಿಮ್ಮ ಗಾಡಿಯಾಗ ನನಗೂ ನನ್ನ ಉಣ್ಣಿ ಗಂಟಿಗೂ ಜಾಗ ಇರ್ಬೇಕು.”

ಜಾಗ ಸಿಕ್ಕಿತು. ಮುಂದಿನ ಹಲವು ವರ್ಷ ನಮ್ಮ ವೇದಿಕೆಯ ಬಲಮೂಲೆಯಲ್ಲಿ, ಬಣ್ಣದ ದೀಪಗಳ ಅಂಚಿನಲ್ಲಿ, ಭರಮಮ್ಮನವರು ಕಾಲು ಚಾಚಿ ಕುಳಿತು ಉಣ್ಣೆ ನೂಲುತ್ತಿದ್ದರು. ಡ್ರಮ್ ಸೆಟ್ಟಿನ ಅಬ್ಬರಕ್ಕೆ ಅವರ ಕದಿರು ಎಂದೂ ತಾಳ ತಪ್ಪಲಿಲ್ಲ.

ಗುರುಸಂಗಪ್ಪನವರು ಹುಬ್ಬಳ್ಳಿಯ ಒಂದು ಸಣ್ಣ ಕ್ಯಾಸೆಟ್ ಕಂಪನಿಯವರೊಡನೆ ಮಾತಾಡಿ ಧ್ವನಿಮುದ್ರಣ ಮಾಡಿಸಿದರು. ಗಿಟಾರು, ಡ್ರಮ್ಮು, ಕೀಬೋರ್ಡು ಹಾಕಿ ಹಳ್ಳಿಯ ಮಾತಿನಲ್ಲಿ ಹಾಡಿಸಿದ ಆ ಹಾಡುಗಳ ಹೊದಿಕೆಯ ಮೇಲೆ ‘ಕನ್ನಡ ಪಾಪ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಂತೆಗೆ ಹೊರಟ ಹುಡುಗಿಯೊಬ್ಬಳು ಬಸ್ಸಿನ ಹಿಂದೆ ಓಡುತ್ತ ಕಂಡಕ್ಟರನನ್ನು ಬೇಡುವ, ಬೈಯುವ, ಕೊನೆಗೆ ನಡೆದೇ ಹೋಗಿ ಅವನಿಗಿಂತ ಮೊದಲು ಸಂತೆ ಮುಟ್ಟುವ ‘ಬಸ್ಸು ನಿಂದ್ರಸೋ’ ಎಂಬ ಹಾಡು ಅದರಲ್ಲಿ ಮೊದಲನೆಯದು.

ಕ್ಯಾಸೆಟ್ಟು ಅಚ್ಚಾಗಿ ಬಂದ ದಿನ ಕೊಟ್ಟೂರಿನ ಅಂಗಡಿಯಲ್ಲಿ ಅದನ್ನು ಮೊದಲ ಸಲ ಹಚ್ಚಿದಾಗ ನಡೆದುದನ್ನು ತಂಡದ ಕೀಬೋರ್ಡು ವಾದಕರಾದ ಎರ್ರೆಪ್ಪನವರು ಇಂದಿಗೂ ವರ್ಣಿಸುತ್ತಾರೆ. ಹಾಡು ಮುಗಿಯುವವರೆಗೆ ತಲೆ ತಗ್ಗಿಸಿ ಕೇಳಿದ ಹುಡುಗಿ ಮೆಲ್ಲನೆ, “ಸಾಹುಕಾರ್ರೇ, ಇದು ನಾನಲ್ರಿ” ಎಂದರು.

“ನೀನಲ್ದ ಮತ್ಯಾರವ್ವ?” ಎಂದರು ಗುರುಸಂಗಪ್ಪನವರು. “ಫೋಟೋ ನಿಂದೈತಿ, ಹೆಸ್ರು ನಿಂದೈತಿ, ಊರ ನಿಂದೈತಿ.”

“ದನಿ ಒಂದು ಬಿಟ್ಟು ಎಲ್ಲಾ ನಮ್ದೈತಿ ಬಿಡ್ರಿ” ಎಂದರು ಭರಮಮ್ಮನವರು.

ಎರ್ರೆಪ್ಪನವರು ಹಾರ್ಮೋನಿಯಂ ತೆಗೆದು ತಾಳೆ ನೋಡಿದರು. ಮುದ್ರಣದ ದಿನ ಹಾಡಿದ್ದ ಶ್ರುತಿಗಿಂತ ಕ್ಯಾಸೆಟ್ಟಿನ ಶ್ರುತಿ ಎರಡು ಮನೆ, ಅಂದರೆ ಹಾರ್ಮೋನಿಯಮ್ಮಿನ ಎರಡು ಕೀಲಿಗಳಷ್ಟು, ಮೇಲಿತ್ತು. ವಿಚಾರಿಸಿದಾಗ ಕಂಪನಿಯವರು ಏನೂ ಮುಚ್ಚಿಡಲಿಲ್ಲ. ಪ್ರತಿ ತೆಗೆಯುವಾಗ ಟೇಪನ್ನು ಕೊಂಚ ಜೋರಾಗಿ ಓಡಿಸಿದ್ದೇವೆ, ಹುಡುಗಿಯ ದನಿ ತುಸು ಭಾರ, ಹೀಗೆ ಮಾಡಿದರೆ ಎಳೆಯದಾಗಿ, ಚುರುಕಾಗಿ ಕೇಳುತ್ತದೆ, ಇದೆಲ್ಲ ವ್ಯಾಪಾರದಲ್ಲಿ ಇದ್ದದ್ದೇ ಎಂದರು. ವ್ಯಾಪಾರದ ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ಆರು ತಿಂಗಳೊಳಗೆ ಆ ಹಾಡು ಕೇಳದ ಚಹಾದಂಗಡಿ ನಮ್ಮ ಸೀಮೆಯಲ್ಲಿ ಉಳಿಯಲಿಲ್ಲ. ಕೈ ಮಾಡಿದರೂ ನಿಲ್ಲದೆ ಹೋಗುತ್ತಿದ್ದ ಬಸ್ಸುಗಳು ಹೊಸಹಳ್ಳಿಯಲ್ಲಿ ತಾವಾಗಿಯೇ ನಿಂತು, ಆ ಹುಡುಗಿ ಇಂದು ಹತ್ತುತ್ತಾಳೋ ಏನೋ ಎಂದು ಬಾಗಿಲು ತೆರೆದು ಕಾಯುತ್ತಿದ್ದವಂತೆ.

ನಾನು ತಂಡ ಸೇರಿದ್ದು ಅದರ ಮರುವರ್ಷ. ಹರಪನಹಳ್ಳಿ ತಾಲೂಕಿನ ಅರಸೀಕೆರೆ ನನ್ನೂರು. ಕಾಲೇಜು ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದೆ. ನಾನು ನುಡಿಸಿದ ಮೊದಲ ಕಾರ್ಯಕ್ರಮ ಕೊಟ್ಟೂರಿನಲ್ಲಿ. ಪುಷ್ಪಲತಾ ಅವರು ತಮ್ಮ ಸಹಜ ಶ್ರುತಿಯಲ್ಲಿ ‘ಬಸ್ಸು ನಿಂದ್ರಸೋ’ ಎತ್ತಿಕೊಂಡರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೈದಾನದ ನಡುವಿನಿಂದ ಯಾರೋ ಎದ್ದು ನಿಂತು ಕೂಗಿದರು.

“ಯಕ್ಕಾ, ನೀ ಕುಂದ್ರು. ಕ್ಯಾಸೆಟ್ಟಿನ್ಯಾಗ ಹಾಡ್ಯಾಳಲ್ಲ ನಿನ್ನ ತಂಗಿ, ಆಕೀನ ಕಳಸು.”

ಜನ ಬಿದ್ದು ಬಿದ್ದು ನಕ್ಕರು. ಆಗ ಅವರಿಗೆ ಹದಿನೇಳು. ಆ ನಗುವನ್ನು ಅವರು ಹಾಡಿನ ನಡುವೆಯೇ ನುಂಗಿಕೊಂಡರು. ಮುಂದಿನ ಕಾರ್ಯಕ್ರಮದಿಂದ ಗುರುಸಂಗಪ್ಪನವರ ಮಾತಿನಂತೆ ಶ್ರುತಿಯನ್ನು ಎರಡು ಮನೆ ಏರಿಸಲಾಯಿತು. ಕ್ಯಾಸೆಟ್ಟಿನ ದನಿಯಂತೆಯೇ ಇದೆ ಎಂದು ಜನ ಮೆಚ್ಚಿದರು. ಬೆನ್ನಿನ ಹಿಂದೆ ಕುಳಿತ ನನಗೆ, ಪ್ರತಿ ಚರಣದ ಮೇಲಿನ ಸ್ವರಕ್ಕೆ ಅವರ ಎರಡೂ ಭುಜಗಳು ಕಿವಿಯವರೆಗೆ ಏರುವುದು ಕಾಣುತ್ತಿತ್ತು. ಯಂತ್ರವು ಎತ್ತಿಟ್ಟಿದ್ದ ತನ್ನದೇ ದನಿಯನ್ನು ಆ ಎಳೆಯ ಕಂಠವು ನಾಲ್ಕು ವರ್ಷ ಏಣಿಯಿಲ್ಲದೆ ಹತ್ತಿ ಮುಟ್ಟುತ್ತಿತ್ತು.

ಅಂಥ ದುಡಿಮೆಯ ನಡುವೆಯೂ ಅವರ ಮನಸ್ಸು ಬೇರೆಯವರ ಕಷ್ಟಕ್ಕೆ ಬಿಡುವು ಮಾಡಿಕೊಳ್ಳುತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ನನಗೆ ಚಿಗಟೇರಿಯ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ತಂಡದ ತಾಲೀಮು ಕೊಟ್ಟೂರಿನಲ್ಲಿ. ಶಾಲೆ ಮುಗಿಸಿ ಹೋಗಿ ಬರುವುದು ಆಗದ ಮಾತು. ಬೇರೆ ತಬಲಾದವರನ್ನು ನೋಡಿಕೊಳ್ಳಿರೆಂದು ಹೇಳಿಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಬಾಡಿಗೆಗಿದ್ದ ಮನೆಯ ಮುಂದೆ ತಂಡದ ಮೆಟಡೋರು ಬಂದು ನಿಂತಿತು. ಗಿಟಾರು, ಡ್ರಮ್ಮು, ಭರಮಮ್ಮನವರು, ಉಣ್ಣೆಯ ಗಂಟು, ಎಲ್ಲವೂ ಇಳಿದವು. ಮೇಷ್ಟ್ರು ಬರಲಿಕ್ಕಾಗದಿದ್ದರೆ ತಾಲೀಮೇ ಬರುತ್ತದೆ ಎಂದು ಪುಷ್ಪಲತಾ ಅವರು ಗುರುಸಂಗಪ್ಪನವರನ್ನು ಒಪ್ಪಿಸಿದ್ದರಂತೆ. ಅಂದಿನಿಂದ ಎರಡು ವರ್ಷ ಭಾನುವಾರದ ತಾಲೀಮು ಚಿಗಟೇರಿಯಲ್ಲಿ ನಡೆಯಿತು. ನಮ್ಮ ಮನೆಯೊಡತಿ ಮೊದಲು ಗಲಾಟೆಯೆಂದು ಗೊಣಗಿ, ಆಮೇಲೆ ತಂಡ ಬಾರದ ವಾರ ನನ್ನನ್ನೇ ದಬಾಯಿಸತೊಡಗಿದರು.

ತಂಡದ ಜೊತೆಗಿದ್ದ, ಹಿಂದೆ ನಿಂತು ದನಿಗೂಡಿಸುವ ಮೇಳದ ಹುಡುಗಿಯರಿಗೆ ಮಲಗಲು ಬಾಗಿಲು ಭದ್ರವಿರುವ ಕೋಣೆ ಸಿಗುವವರೆಗೆ ಪುಷ್ಪಲತಾ ಅವರು ಮೈಕಿನ ಮುಂದೆ ಹೋಗುತ್ತಿರಲಿಲ್ಲ. ಗಾಯಕಿಯ ಹೆಸರಿಗಿಂತ ಮೊದಲು ವಾದ್ಯದವರ ಹೆಸರುಗಳನ್ನು ಕೂಗಬೇಕೆಂಬ ನಿಯಮವೂ ಅವರದೇ. ಈ ನಿಯಮವನ್ನು ಅವರು ಮುಂದೆ ದಿಲ್ಲಿಯಲ್ಲಿಯೂ ಬಿಡಲಿಲ್ಲ, ಅಲ್ಲಿನ ನಿರೂಪಕರು ‘ಎರ್ರೆಪ್ಪ’ ಎಂಬ ಹೆಸರನ್ನು ಹೇಳಲು ಪಟ್ಟ ಪಾಡನ್ನು ನೆನೆದರೆ ಇಂದಿಗೂ ನಗು ಬರುತ್ತದೆ.

ಇಪ್ಪತ್ತೊಂದರ ವಯಸ್ಸಿನಲ್ಲಿ ಅವರ ದನಿ ಒಡೆಯಿತು. ಹರಪನಹಳ್ಳಿಯ ಕಾರ್ಯಕ್ರಮದ ಮರುದಿನ ಮಾತೇ ಹೊರಡಲಿಲ್ಲ. ದಾವಣಗೆರೆಯ ವೈದ್ಯರೊಬ್ಬರು ಪರೀಕ್ಷಿಸಿ, ಗಂಟಲಿನೊಳಗೆ ಬಾವು ಬಂದಿದೆ, ಕೆಲವು ವಾರ ಮಾತೂ ಬೇಡ, ಆಮೇಲೂ ಆ ಎತ್ತರಕ್ಕೆ ಹೋದರೆ ಇರುವ ದನಿಯೂ ಉಳಿಯಲಾರದು ಎಂದು ತಿಳಿಸಿದರು. ಆ ವಾರಗಳನ್ನು ಪುಷ್ಪಲತಾ ಅವರು ಹೊಸಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೈಸನ್ನೆಯಲ್ಲೇ ಕಳೆದರು. ನೋಡಲು ಹೋದವರೆದುರು ನಗುತ್ತಿದ್ದರು. ನಾವು ಎದ್ದು ಹೊರಟಾಗ ಗಂಟಲ ಮೇಲೆ ಕೈಯಿಟ್ಟು, ಇದು ಮತ್ತೆ ಬರುತ್ತದೆಯೇ ಎಂಬಂತೆ ತಾಯಿಯ ಮುಖವನ್ನು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇತ್ತ ಗುರುಸಂಗಪ್ಪನವರು ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಸಾಲಾಗಿ ನಿಂತಿದ್ದವು. ತಂಡದ ಎಲ್ಲರ ಮನೆಯ ಒಲೆಯೂ ಆ ಒಂದು ಹಾಡನ್ನು ನಂಬಿತ್ತು. ಅವರು ಕೆಟ್ಟ ಮನುಷ್ಯರಲ್ಲ, ದಿಕ್ಕು ಕಾಣದಾದಾಗ ರೇಡಿಯೋ ರಿಪೇರಿಯವರಿಗೆ ಹೊಳೆಯುವ ದಾರಿಯೇ ಅವರಿಗೂ ಹೊಳೆಯಿತು. ವೇದಿಕೆಯ ಹಿಂದೆ ಕ್ಯಾಸೆಟ್ಟನ್ನೇ ಹಚ್ಚುವುದು, ಪುಷ್ಪಲತಾ ಅವರು ಮುಂದೆ ನಿಂತು ತುಟಿ ಆಡಿಸುವುದು, ನಾವೆಲ್ಲ ನುಡಿಸಿದಂತೆ ಮಾಡುವುದು. ದನಿಗೆ ವಿಶ್ರಾಂತಿಯೂ ಆಯಿತು, ಜನ ಬಯಸುವ ಹಾಡೂ ಸಿಕ್ಕಿತು ಎಂದು ಅವರು ವಾದಿಸಿದರು. ಎಷ್ಟು ದಿನ ಹೀಗೆ ಎಂದು ನಾವು ಕೇಳಿದ್ದಕ್ಕೆ, ಕ್ಯಾಸೆಟ್ಟು ಸವೆಯುವ ತನಕ ಎಂದರು. ಹಾಡುವವಳಾಗಿ ಉಳಿಯುವುದೋ, ತನ್ನದೇ ಕ್ಯಾಸೆಟ್ಟಿಗೆ ಬೊಂಬೆಯಾಗಿ ಉಳಿಯುವುದೋ ಎಂಬ ಪ್ರಶ್ನೆ ಪುಷ್ಪಲತಾ ಅವರೆದುರು ನಿಂತಿತು. ತಂಡದ ಮುಖ ನೋಡಿ, ಒಂದು ಸಲಕ್ಕೆ ಒಪ್ಪಿಕೊಂಡರು.

ಆ ಒಂದು ಸಲ ನಡೆದದ್ದು ಹಡಗಲಿಯಲ್ಲಿ, ವೈದ್ಯರು ಹೇಳಿದ್ದ ವಾರಗಳು ಕಳೆದು ಅವರಿಗೆ ಮಾತು ಮರಳಿದ ಮೇಲೆ. ದೀಪ ಹಚ್ಚುವ ಹೊತ್ತು, ಮೈದಾನ ತುಂಬಿತ್ತು. ಆಗೆಲ್ಲ ನಮ್ಮ ಮೈಕುಗಳು ಲಾರಿಯ ಬ್ಯಾಟರಿಯಿಂದ ನಡೆಯುತ್ತಿದ್ದವು. ಟೇಪು, ಕೀಬೋರ್ಡು ಮತ್ತು ದೀಪಗಳಿಗೆ ಮಾತ್ರ ಊರಿನ ಕರೆಂಟು. ಹಾಡು ಹತ್ತಿತು. ಎಳೆಯ, ಚುರುಕಾದ ಆ ದನಿ ಕೇಳಿದೊಡನೆ ಜನ ಸಿಳ್ಳೆ ಹಾಕಿದರು. ಪುಷ್ಪಲತಾ ಅವರು ತುಟಿ ಆಡಿಸುತ್ತಿದ್ದರು; ನಾನು ತಬಲಾದ ಮೇಲೆ ಬೆರಳನ್ನು ತಾಗಿಸಿಯೂ ತಾಗಿಸದಂತೆ ಆಡುತ್ತಿದ್ದೆ. ಅಷ್ಟರಲ್ಲಿ ಊರಿನವರೆಲ್ಲ ತಮ್ಮ ತಮ್ಮ ಮನೆಯ ದೀಪ ಹಾಕಿಕೊಂಡರೆಂದು ಕಾಣುತ್ತದೆ, ಕರೆಂಟು ಕುಗ್ಗತೊಡಗಿತು. ಬಲ್ಬುಗಳು ಕೆಂಪಗಾದವು. ಟೇಪಿನ ಓಟ ನಿಧಾನವಾಗಿ, ಹಾಡು ನಮ್ಮ ಕಿವಿಯೆದುರೇ ಮೆಲ್ಲಮೆಲ್ಲನೆ ಕೆಳಗಿಳಿಯತೊಡಗಿತು.

ಹಾಗೆ ಇಳಿಯುವ ದಾರಿಯಲ್ಲಿ, ಕೆಲವು ಕ್ಷಣಗಳ ಮಟ್ಟಿಗೆ, ಅದು ಮುದ್ರಣದ ದಿನದ ನಿಜವಾದ ದನಿಯನ್ನು ಮುಟ್ಟಿತು. ಯಂತ್ರದ ಅವಸರ ಕಳಚಿಬಿದ್ದ, ತುಂಬಿದ, ತುಸು ಭಾರವಾದ ಹದಿನಾರು ವರ್ಷದ ದನಿ. ಪುಷ್ಪಲತಾ ಅವರ ತುಟಿ ನಿಂತಿತು. ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿಸಿಕೊಂಡರು. ಮರುಕ್ಷಣ ಮೈಕನ್ನು ಬಾಯಿಯ ಬಳಿಗೆ ತಂದು ಆ ದನಿಯ ಪಕ್ಕದಲ್ಲೇ ತಮ್ಮ ದನಿಯನ್ನಿಟ್ಟರು. ಟೇಪು ಅಲ್ಲಿ ನಿಲ್ಲದೆ ಇನ್ನೂ ಇಳಿದು ಗಂಡಸಿನ ಗೊಗ್ಗರು ದನಿಯಾಗಿ, ಕೊನೆಗೆ ಗೊರಕೆಯಾಯಿತು. ಮೈದಾನವಿಡೀ ನಗು. ಟೇಪಿನ ಗಂಟಲು ಕೆಟ್ಟಿದೆ, ಕಷಾಯ ಕುಡಿಸಿರೆಂದು ಯಾರೋ ಅಂದರು. ನಗು ತಗ್ಗುತ್ತ ಬಂದಂತೆ, ಟೇಪು ಸತ್ತ ಮೇಲೂ ಹಾಡು ನಡೆದೇ ಇದೆ ಎಂಬುದು ಒಬ್ಬೊಬ್ಬರಿಗೇ ತಿಳಿಯತೊಡಗಿತು. ಟೇಪು ಇಳಿಯುತ್ತಲೇ ಹೋಗಿತ್ತು. ಅವರು ನಿಂತಲ್ಲೇ ನಿಂತಿದ್ದರು. ವೇದಿಕೆಯ ಮೂಲೆಯಲ್ಲಿ ಭರಮಮ್ಮನವರ ಕದಿರು, ನಾನು ಕಂಡಂತೆ ಮೊದಲ ಬಾರಿಗೆ, ತಿರುಗುವುದನ್ನು ಬಿಟ್ಟಿತ್ತು.

ಪಲ್ಲವಿ ಮುಗಿಸಿ ಅವರು ಹಾಡು ನಿಲ್ಲಿಸಿದರು. ಜನರತ್ತ ನೋಡಿ, ಮಾತಿನ ದನಿಯಲ್ಲೇ, “ಇಷ್ಟೊತ್ತು ನೀವು ಕೇಳಿದ್ದು ಟೇಪು. ತಪ್ಪಾತು” ಎಂದರು. “ಇನ್ನ ಮ್ಯಾಲೆ ಹಾಡಾಕಿ ನಾನು. ನನ್ನ ದನಿ ಹಿಂಗಾ ಐತಿ. ಹಿಡಿಸಿದ್ರ ಕುಂದ್ರಿ. ಹಿಡಿಸ್ಲಿಲ್ಲಂದ್ರ ನಿಮ್ಮೂರ ಬಸ್ಸು ನಾನಾ ನಿಂದ್ರಸ್ತೀನಿ, ಹತ್ತಿ ಹೋಗ್ರಿ.”

ಬೇರೆ ಬಗೆಯ ನಗು ಎದ್ದಿತು. ಅವರು ನಮ್ಮ ಕಡೆ ತಿರುಗಿ ಕಣ್ಣು ಮುಚ್ಚಿ, ತಮಗೆ ಹಿತವಾದಲ್ಲಿ ಒಂದು ಎಳೆ ಎಳೆದರು. ಹೊಸಹಳ್ಳಿಯ ಗುಡಿಯ ಮುಂದೆ ಡೊಳ್ಳಿನವರಿಗೆ ಎಳೆದು ತೋರಿಸುವಂತೆ. ಎರ್ರೆಪ್ಪನವರು ಸತ್ತ ಕೀಬೋರ್ಡನ್ನು ಬದಿಗೆ ಸರಿಸಿ ಹಾರ್ಮೋನಿಯಂ ಎಳೆದುಕೊಂಡು ಆ ಮನೆಯನ್ನು ಹುಡುಕಿದರು. ನನ್ನ ಢೋಲಕ್ಕು ಬಿಗಿಯಾಗಿತ್ತು. ಮೈದಾನವೆಲ್ಲ ಕಾಯುತ್ತಿದೆಯೆಂಬ ಗಾಬರಿಯಲ್ಲಿ ನನ್ನ ಬೆರಳು ಹಗ್ಗದ ಬಳೆಗಳ ಮೇಲೆ ಜಾರುತ್ತಿತ್ತು. ಅವರು ಬಾಗಿ, ನನಗೆ ಮಾತ್ರ ಕೇಳುವಂತೆ, “ಸಡ್ಲ ಮಾಡ್ರಿ ಮೇಷ್ಟ್ರೇ, ಅವಸರಿಲ್ಲ” ಎಂದರು.

ಅಂದು ಹಾಡು ಮುಗಿದಾಗ ಮೈದಾನ ಅಲುಗಾಡುವಷ್ಟು ಚಪ್ಪಾಳೆಯೇನೂ ಬೀಳಲಿಲ್ಲ. ಕ್ಯಾಸೆಟ್ಟಿನ ದನಿಗಾಗಿ ಬಂದಿದ್ದ ಎಷ್ಟೋ ಜನ ಪಂಚೆಯ ಧೂಳು ಕೊಡವಿಕೊಂಡು ಎದ್ದು ಹೋದರು. ಎದ್ದವರ ಜಾಗಕ್ಕೆ ಹಿಂದಿನವರು ಸರಿದು ಬಂದು ಕುಳಿತರು. ಪುಷ್ಪಲತಾ ಅವರ ಭುಜಗಳು ಕೊನೆಯ ಹಾಡಿನವರೆಗೂ ತಮ್ಮ ಜಾಗದಲ್ಲೇ ಇದ್ದವು.

ಮರುದಿನ ಬೆಳಿಗ್ಗೆ ಗುರುಸಂಗಪ್ಪನವರು ಚಹಾದ ಲೋಟ ಹಿಡಿದುಕೊಂಡು ಬಹಳ ನೊಂದ ದನಿಯಲ್ಲಿ, “ಈ ದನಿ ಯಾರಿಗೂ ಗೊತ್ತಿಲ್ಲವ್ವ. ಯಾರು ಬರ್ತಾರ ಕೇಳಾಕ?” ಎಂದರು.

“ಗೊತ್ತಾಗ್ಲಿ ಬಿಡ್ರಿ. ನನಗೂ ನಿನ್ನೇನಾ ಗೊತ್ತಾಗೈತಿ” ಎಂದರು ಪುಷ್ಪಲತಾ ಅವರು.

ಗೊತ್ತಾಗಲು ವರ್ಷಗಳೇ ಹಿಡಿದವು. ಹುಬ್ಬಳ್ಳಿಯ ಕಂಪನಿಯವರು ದನಿ ಬಲಿತುಹೋಗಿದೆಯೆಂದು ಕೈಬಿಟ್ಟರು. ದೊಡ್ಡ ಮೈದಾನಗಳು ಹೋಗಿ ಮದುವೆಯ ಚಪ್ಪರಗಳು, ಶಾಲೆಯ ಅಂಗಳಗಳು ಬಂದವು, ತಂಡ ಸಣ್ಣದಾಯಿತು. ಆದರೂ ಗುರುಸಂಗಪ್ಪನವರು ತಂಡ ಮುಚ್ಚಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ದಾಖಲಿಸಬೇಕು. ಆ ಬಿಡುವಿನಲ್ಲಿ ಪುಷ್ಪಲತಾ ಅವರು ಹರಪನಹಳ್ಳಿಯಲ್ಲಿದ್ದ ಹಿರಿಯ ರಂಗಗಾಯಕಿ ಶಿವಬಸಮ್ಮನವರ ಬಳಿಗೆ ಹೋಗಿ ಕೆಳಗಿನ ಸ್ವರಗಳಲ್ಲಿ ನಿಲ್ಲುವುದನ್ನು ಕಲಿತರು. ಹಡಗಲಿಯಲ್ಲಿ ಆಕಸ್ಮಿಕವಾಗಿ ಆಡಿದ ಆ ಬಸ್ಸಿನ ಮಾತನ್ನು ಬೆಳೆಸಿ, ಹಾಡಿಗೂ ಹಾಡಿಗೂ ನಡುವೆ ಜನರೊಡನೆ ಹರಟುವ, ಕೆಣಕುವ, ಕೆಣಕಿಸಿಕೊಳ್ಳುವ ತಮ್ಮದೇ ಧಾಟಿಯನ್ನು ಕಂಡುಕೊಂಡರು. ಹಗರಿಬೊಮ್ಮನಹಳ್ಳಿಯವರು ಅವರನ್ನು ಮೊದಲು ಮರಳಿ ಕರೆದರು. ಒಂದು ಕಾರ್ಯಕ್ರಮಕ್ಕೆ ಕರೆದವರು ಮೂರು ದಿನ ಬಿಡಲಿಲ್ಲ. ಆಮೇಲೆ ರಾಯದುರ್ಗದ ಕಡೆಯಿಂದ ತೆಲುಗಿನ ಕರೆ, ಸೊಲ್ಲಾಪುರದಿಂದ ಮರಾಠಿಯ ಕರೆ, ಕೊನೆಗೆ ಹಿಂದಿಯ ಕರೆ. ಯಾವ ಭಾರವಾದ ದನಿಯನ್ನು ಮುಚ್ಚಲೆಂದು ಟೇಪನ್ನು ಓಡಿಸಿದ್ದರೋ ಆ ದನಿಯನ್ನೇ ದೇಶ ಗುರುತು ಹಿಡಿಯತೊಡಗಿತು. ದೂರದರ್ಶನದ ಪರದೆಯ ಮೇಲೆ, ಬೆಳೆದು ನಿಂತ ಮೊಮ್ಮಕ್ಕಳ ಅಜ್ಜಿಯಂತೆ ಮಡಿಲಲ್ಲಿ ಕೈಯಿಟ್ಟು ಕುಳಿತು ಅವರು ನಡೆಸಿಕೊಟ್ಟ ಹಿಂದಿಯ ವಾರದ ಕಾರ್ಯಕ್ರಮವನ್ನು ಭಾಷೆ ಬಾರದ ನಮ್ಮೂರ ಹೆಂಗಸರೂ ತಪ್ಪದೆ ನೋಡುತ್ತಿದ್ದರು.

ಇತ್ತೀಚಿನ ಪ್ರಸಂಗವೊಂದನ್ನು ಹೇಳದೆ ಈ ಲೇಖನ ಮುಗಿಯಬಾರದು. ಮುಂಬಯಿಯಲ್ಲಿ ನಡೆದ ಕಿರಿಯರ ಗಾಯನ ಸ್ಪರ್ಧೆಯೊಂದಕ್ಕೆ ಅವರು ತೀರ್ಪುಗಾರರಾಗಿದ್ದರು. ಹಗರಿಬೊಮ್ಮನಹಳ್ಳಿ ತಾಲೂಕಿನ ಭೂಮಿಕಾ ಎಂಬ ಹದಿನೈದರ ಹುಡುಗಿ ಹಾಡಲು ನಿಂತಿದ್ದಳು. ಕೇಳುವವರಿಗೆ ಮಿಂಚು ಕಾಣಲೆಂದು ವಾದ್ಯದವರು ಶ್ರುತಿಯನ್ನು ಏರಿಸಿದ್ದರು. ಹುಡುಗಿಯ ಭುಜಗಳು ಏರುವುದನ್ನು ಪುಷ್ಪಲತಾ ಅವರು ಕಂಡರು. ಕ್ಯಾಮೆರಾಗಳು ಓಡುತ್ತಿರುವಾಗಲೇ ತಮ್ಮ ಕುರ್ಚಿಯಿಂದೆದ್ದು ವೇದಿಕೆಗೆ ಹೋಗಿ, ಅವಳ ಪಕ್ಕ ನಿಂತು, ನಮ್ಮ ಸೀಮೆಯ ಮಾತಿನಲ್ಲೇ, “ನಿನ್ನ ದನಿ ಎಲ್ಲೈತಿ ತಂಗಿ, ಅಲ್ಲಿ ಹಾಡಿ ತೋರ್ಸು” ಎಂದರಂತೆ. ಹುಡುಗಿ ಹೆದರುತ್ತ ಒಂದು ಎಳೆ ಎಳೆದಳು. ವಾದ್ಯದವರಿಗೆ ಹಿಂದಿಯಲ್ಲಿ ಅಲ್ಲಿಗೆ ಬರುವಂತೆ ತಿಳಿಸಿ, ಅವರೆಲ್ಲ ಇಳಿದು ಬರುವವರೆಗೆ ಆ ಹುಡುಗಿಯ ಕೈ ಹಿಡಿದುಕೊಂಡೇ ನಿಂತಿದ್ದರು. ಭೂಮಿಕಾ ಆ ಸುತ್ತಿನಲ್ಲಿ ಗೆಲ್ಲಲಿಲ್ಲ. ಊರಿಗೆ ಬಂದಾಗ ನನ್ನೊಡನೆ, “ಸೋತ್ನಿರಿ ಮೇಷ್ಟ್ರೇ. ಆದ್ರ ಮರುದಿನ ಮುಂಜಾನಿ ನನ್ನ ಗಂಟ್ಲು ನನ್ನ ಹತ್ರಾನ ಇತ್ತು” ಎಂದಳು. ಈ ಗ್ರಂಥದಲ್ಲಿರುವ ಹೊಗಳಿಕೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಓದಲಿಲ್ಲ.

ಮೊನ್ನೆ ಕೊಟ್ಟೂರಿನಲ್ಲಿ, ಈಗ ನಮ್ಮೊಡನಿಲ್ಲದ ಗುರುಸಂಗಪ್ಪನವರ ಅಂಗಡಿಯ ಅಟ್ಟದಲ್ಲಿ, ಅವರ ಮಗ ಕೊಟ್ರಸ್ವಾಮಿಯವರು ಬೀಳ್ಕೊಡುಗೆಯ ಕಾರ್ಯಕ್ರಮಕ್ಕಾಗಿ ತಾಲೀಮು ಇಟ್ಟಿದ್ದರು. ಹಳಬರಲ್ಲಿ ಉಳಿದವರೆಲ್ಲ ಸೇರಿದ್ದೆವು. ಎರ್ರೆಪ್ಪನವರು ಇಷ್ಟು ವರ್ಷಗಳ ವಾಡಿಕೆಯ ಮನೆಯನ್ನೇ ಒತ್ತಿದರು. ಪುಷ್ಪಲತಾ ಅವರು ಒಂದು ಸಾಲು ಹಾಡಿ, ನಿಲ್ಲಿಸಿ, ಗಂಟಲ ಮೇಲೆ ಕೈಯಿಟ್ಟರು. ದನಿ ಮತ್ತೆ ಕೈಕೊಟ್ಟಿತೇ ಎಂಬ ಅಂಜಿಕೆ ನಮ್ಮೆಲ್ಲರ ಮುಖದ ಮೇಲಿತ್ತು.

“ಎರ್ರೆಪ್ಪಣ್ಣ, ಇನ್ನೊಂದು ಮನಿ ಕೆಳಗ ಹೋಗೋಣು” ಎಂದರು ಅವರು.

“ಹಿಂಗಾ ಇಳೀತಾ ಹೋದ್ರ ನನ್ನ ಪೆಟ್ಟ್ಗಿ ಮುಗದು ಹೊಕ್ಕೈತಲ್ಲವ್ವ.”

“ಮುಗದ್ರ ಕೆಳಗಿನ ಮನಿ ಜಾಸ್ತಿ ಇರೋ ಪೆಟ್ಟ್ಗಿ ತರೋಣ ಬಿಡು.”

ಒಂದು ಮನೆ ಕೆಳಗಿಳಿದೆವು. ಆ ಹಾಡು ಅಷ್ಟು ನೆಮ್ಮದಿಯಿಂದ ಕೇಳಿದ್ದು ನನಗೆ ನೆನಪಿಲ್ಲ.

ದೂರದ ಪ್ರವಾಸಗಳನ್ನು ಬಿಟ್ಟು ಅವರು ಇನ್ನು ಮುಂದೆ ಕೊಟ್ಟೂರಿನ ಆ ಅಟ್ಟದಲ್ಲೇ ನಮ್ಮ ಐದೂ ಸೀಮೆಯ ಮಕ್ಕಳಿಗೆ ಹಾಡು ಹೇಳಿಕೊಡಲಿದ್ದಾರೆ. ಅಲ್ಲಿಗೆ ಬರುವ ಪ್ರತಿ ಮಗುವಿಗೂ ಅದರದೇ ದನಿ ಸಿಗಲಿ. ಪುಷ್ಪಲತಾ ಅವರಿಗೆ ಮುಂದಿನ ವರ್ಷಗಳು ಆರೋಗ್ಯವನ್ನೂ ಒಳ್ಳೆಯ ಉಸಿರನ್ನೂ ತರಲಿ. ವಯಸ್ಸು ಅವರ ದನಿಯನ್ನು ಎಷ್ಟು ಕೆಳಗೆ ಕರೆದೊಯ್ದರೂ ಅಷ್ಟಷ್ಟಕ್ಕೂ ಅವರು ಹಾಡುತ್ತಿರಲಿ. ಬಿಗಿದದ್ದನ್ನು ಸಡಿಲಿಸಿಕೊಂಡು ಅವರ ಬಳಿಗೆ ಬರುವ ಕೆಲಸ ನಮ್ಮದು, ಅದರಲ್ಲಿ ನಾವು ತಡಮಾಡುವುದಿಲ್ಲ. ಕೆಳಗಿನ ಮನೆಗಳು ಹೆಚ್ಚಿರುವ ಹೊಸ ಹಾರ್ಮೋನಿಯಮ್ಮಿಗೆ ಕೊಟ್ರಸ್ವಾಮಿಯವರು ಆಗಲೇ ಹೇಳಿ ಬಂದಿದ್ದಾರೆ.